ಮನೆವಾರ್ತೆ: ಸ್ವಂತ ಹೆಸರಿನ ಅಂಚೆ



ಮನೆಗೆ ಬಂದ ಕಾಗದವು ಬಾಗಿಲಿನಿಂದಲೇ ಹಿಂದಿರುಗಿ ಹೋಗುವುದೆಂದರೆ ಗೃಹಸ್ಥನಾದವನಿಗೆ ಅದಕ್ಕಿಂತ ನಾಚಿಕೆಯ ಸಂಗತಿ ಮತ್ತೊಂದಿಲ್ಲ. ಅಂತಹ ನಾಚಿಕೆಯನ್ನು ನಾವೇ ಒಂದು ಸಲ ಅನುಭವಿಸಿರುವೆವಾದುದರಿಂದ ಈ ತಿಂಗಳ ಮನೆವಾರ್ತೆಯನ್ನು ಆ ವಿಷಯಕ್ಕೇ ಮೀಸಲಿಡಬೇಕೆಂದು ನಿಶ್ಚಯಿಸಿದೆವು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಮನೆಯಲ್ಲಿಯೇ ಹಪ್ಪಳ ಸಂಡಿಗೆಗಳನ್ನು ಮಾಡಿ ಊರೂರಿಗೆ ಕಳುಹಿಸುವ ಸೋದರಿಯೊಬ್ಬರು, “ನಮ್ಮ ಉದ್ಯಮಕ್ಕೆಂದು ಸ್ವಂತ ಹೆಸರನ್ನು ಕೊಂಡು ಈಮೈಲನ್ನು ಏರ್ಪಡಿಸಿಕೊಂಡೆವು. ಆದರೆ ನಾವು ಬರೆದ ಕಾಗದಗಳು ಗಿರಾಕಿಗಳ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತವೆ; ಅವರು ಬರೆದವುಗಳಲ್ಲಿ ಕೆಲವು ನಮಗೆ ಮುಟ್ಟುವುದೇ ಇಲ್ಲ. ಏನು ಮಾಡತಕ್ಕದ್ದು?” ಎಂದು ನಮ್ಮನ್ನು ಕೇಳಿದ್ದಾರೆ. ಅವರ ಪ್ರಶ್ನೆಗೂ ನಮ್ಮ ನಾಚಿಕೆಗೂ ಮೂಲವು ಒಂದೇ ಆಗಿರುವುದು.

ಮೊದಲು ನಮ್ಮ ಕಥೆಯನ್ನೇ ಹೇಳಿಬಿಡುವೆವು. ನಮ್ಮ ಮನೆತನದ ಹೆಸರಿನಲ್ಲಿ ಒಂದು ಡೊಮೈನು ಬಹುಕಾಲದಿಂದಲೂ ಇದೆ. ತಂದೆಯವರು, ನಾವು, ತಮ್ಮ, ತಂಗಿ, ಎಲ್ಲರ ಮೇಲ್ವಿಳಾಸವೂ ಆ ಹೆಸರಿನಿಂದಲೇ ಮುಗಿಯುವುದು. ೨೦೨೧ನೆಯ ಇಸವಿಯ ಮಳೆಗಾಲದಲ್ಲಿ ಮನೆಯ ವೆಬ್‌ಸೈಟನ್ನು ಒಂದು ಕಡೆಯಿಂದ ಮತ್ತೊಂದು ಕಡೆಗೆ ಸಾಗಿಸಿದೆವು. ಹೊಸಬರು “ನೇಮ್ ಸರ್ವರನ್ನು ಬದಲಾಯಿಸಿರಿ” ಎಂದರು, ಬದಲಾಯಿಸಿದೆವು. ಸೈಟು ಸೊಗಸಾಗಿ ತೆರೆದುಕೊಂಡಿತು. ಅನಂತರ ನಾಲ್ಕು ದಿನಗಳ ತನಕ ಒಂದು ಕಾಗದವೂ ಬರಲಿಲ್ಲ. ಅದನ್ನು ಕಂಡು ಕಳವಳಪಡುವುದಕ್ಕೆ ಬದಲಾಗಿ, ಈ ವಾರ ಲೋಕದ ಗದ್ದಲವೇ ಕಡಿಮೆಯೆಂದು ನಾವು ಸಂತೋಷಪಟ್ಟೆವು!

ನಾಲ್ಕನೆಯ ದಿನದ ರಾತ್ರಿ ಧಾರವಾಡದಿಂದ ಫೋನು ಬಂದಿತು. ತಂದೆಯವರ ಬಾಲ್ಯಸ್ನೇಹಿತರು, ಎಂಬತ್ತು ವರ್ಷ ದಾಟಿದವರು. “ಯಾಕಪಾ, ನಿಮ್ಮ ಅಪ್ಪ ಆರಾಮ ಅದಾನಿಲ್ಲೋ? ಖರೇ ಹೇಳು” ಎಂದರು, ಧ್ವನಿ ನಡುಗುತ್ತಿತ್ತು. ತಂದೆಯವರು ಪಕ್ಕದಲ್ಲಿಯೇ ಕುಳಿತು ಮಜ್ಜಿಗೆಯನ್ನ ಉಣ್ಣುತ್ತಿದ್ದರು. ನಡೆದುದು ಇಷ್ಟೆ. ತಂದೆಯವರ ಸಹಸ್ರಚಂದ್ರದರ್ಶನದ ಶಾಂತಿ ಯಾವ ದಿನವೆಂದು ಕೇಳಿ ಆ ಹಿರಿಯರು ಕಾಗದ ಬರೆದಿದ್ದರು. ಕ್ಷಣಾರ್ಧದಲ್ಲಿ ಆ ಕಾಗದವು ಹಿಂದಿರುಗಿತು. ಅದರ ತಲೆಯ ಮೇಲೆ, ಈ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂಬರ್ಥದ ಇಂಗ್ಲಿಷ್ ವಾಕ್ಯವಿದ್ದಿತು. ನಮ್ಮ ಭಾಷೆಯಲ್ಲಿ “ಅವರು ಇಲ್ಲ” ಎಂಬ ಮಾತಿಗೆ ಏನರ್ಥವೆಂಬುದನ್ನು ವಾಚಕರೇ ಬಲ್ಲರು. ಆ ವೃದ್ಧರು ಎರಡು ದಿನ ಯಾರಿಗೂ ಹೇಳದೆ ಕೊರಗಿ, ಮೂರನೆಯ ದಿನ ಧೈರ್ಯ ತಂದುಕೊಂಡು ನಮ್ಮನ್ನು ಕರೆದಿದ್ದರು. ಖಾತೆಯಲ್ಲಿ ಒಂದು ಸಾಲು ಬಿಟ್ಟುಹೋದುದರ ಫಲವಿದು.

ಯಾವ ಖಾತೆ, ಯಾವ ಸಾಲು ಎಂಬುದನ್ನು ಈಗ ವಿವರಿಸುವೆವು. ಇಂಟರ್ನೆಟ್ಟಿನಲ್ಲಿ ಯಂತ್ರವು ಯಂತ್ರವನ್ನು ಗುರುತಿಸುವುದು ಅಂಕೆಗಳಿಂದ. ಮನುಷ್ಯನಿಗೆ ನೆನಪಿರುವುದಾದರೋ ಹೆಸರು. ಮೊದಮೊದಲು ಹೆಸರು ಅಂಕೆಗಳನ್ನು ಜೋಡಿಸಿದ ಒಂದೇ ಒಂದು ಪಟ್ಟಿಯನ್ನು ಅಮೆರಿಕಾ ದೇಶದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಇಟ್ಟಿದ್ದರು. ಎಲ್ಲರೂ ಅದನ್ನೇ ಪ್ರತಿಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ಸಾಲದಾಗಲು, ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿದ್ವಾಂಸರು ಖಾತೆಯನ್ನು ಹಂಚಿ ಇಡುವ ಏರ್ಪಾಡನ್ನು ರಚಿಸಿದರು. ಇದಕ್ಕೆ ಡಿಎನ್‌ಎಸ್ ಎಂದು ಹೆಸರು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾನುಭೋಗರು ಲೆಕ್ಕವಿಡುತ್ತಿದ್ದ ಕ್ರಮವನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ಯಾವ ಹೊಲ ಯಾರದೆಂಬುದನ್ನು ಮೇಲಿನ ಕಚೇರಿಯವರು ಬಾಯಿಪಾಠ ಮಾಡಿರುತ್ತಿರಲಿಲ್ಲ; ಆ ಹಳ್ಳಿಯ ಶಾನುಭೋಗರು ಇಂಥವರೆಂದು ತೋರಿಸಿಕೊಡುತ್ತಿದ್ದರು, ಅಷ್ಟೆ. ಹಾಗೆಯೇ ಇಲ್ಲಿ ಎಲ್ಲಕ್ಕೂ ಮೇಲೆ ೧೩ ಹೆಸರುಗಳ ಮೂಲ ಸರ್ವರುಗಳು. ಅವು ‘ಡಾಟ್ ಇನ್’ ಎಂಬುದರ ಖಾತೆ ಎಲ್ಲಿದೆಯೆಂದು ಹೇಳುವುವು. ಆ ಖಾತೆಯು ನಿಮ್ಮ ಹೆಸರಿನ ಖಾತೆ ಯಾವ ನೇಮ್ ಸರ್ವರಿನಲ್ಲಿದೆಯೆಂದು ಹೇಳುವುದು. ನಿಮ್ಮ ಸೈಟು ಎಲ್ಲಿ, ನಿಮ್ಮ ಅಂಚೆ ಎಲ್ಲಿ ಎಂಬ ಕೊನೆಯ ಉತ್ತರವನ್ನು ಕೊಡತಕ್ಕುದು ಆ ನೇಮ್ ಸರ್ವರು ಮಾತ್ರ.

ಇಲ್ಲಿ ಮೂವರು ಬೇರೆ ಬೇರೆಯವರು ಇರುವರೆಂಬುದನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಹೆಸರನ್ನು ನಿಮಗೆ ಮಾರಿ ವರ್ಷವರ್ಷವೂ ಹಣ ಪಡೆಯುವ ರಿಜಿಸ್ಟ್ರಾರು ಒಬ್ಬರು. ನೇಮ್ ಸರ್ವರಿನಲ್ಲಿ ಖಾತೆಯನ್ನಿಡುವವರು ಇನ್ನೊಬ್ಬರು. ಕಾಗದಗಳನ್ನು ಪಡೆದು ಪೆಟ್ಟಿಗೆಯಲ್ಲಿಡುವ ಅಂಚೆಯ ಸರ್ವರಿನವರು ಮತ್ತೊಬ್ಬರು. ಮೂವರೂ ಒಂದೇ ಸಂಸ್ಥೆಯಾಗಿದ್ದರೂ ಇರಬಹುದು, ಮೂರು ದೇಶದವರಾಗಿದ್ದರೂ ಇರಬಹುದು. ಒಬ್ಬರ ಬಳಿ ಮಾಡಬೇಕಾದ ಕೆಲಸವನ್ನು ಇನ್ನೊಬ್ಬರ ಬಳಿ ಮಾಡಿ, ಏನೂ ಆಗಲಿಲ್ಲವೆಂದು ತಲೆಯ ಮೇಲೆ ಕೈಹೊತ್ತವರನ್ನು ನಾವು ಬಹಳ ಮಂದಿಯನ್ನು ಕಂಡಿದ್ದೇವೆ.

ಇನ್ನು ಖಾತೆಯ ಸಾಲುಗಳು. ‘ಎ’ ಎಂಬ ಸಾಲು ಹೆಸರಿಗೆ ಅಂಕೆಯನ್ನು ಹೇಳುವುದು. ಉದ್ದನೆಯ ಹೊಸ ಅಂಕೆಗಳಿಗೆ ‘ನಾಲ್ಕು ಎ’ ಎಂಬ ಸಾಲಿದೆ. ಅಂಚೆಗಾದರೋ ‘ಎಂಎಕ್ಸ್’ ಎಂಬ ಪ್ರತ್ಯೇಕವಾದ ಸಾಲೇ ಉಂಟು. ಇದನ್ನು ಅಂಚೆಯವರು ಹೇಗೆ ಓದತಕ್ಕದ್ದೆಂಬ ಕ್ರಮವನ್ನು ೧೯೮೬ರಲ್ಲಿ ಕ್ರೇಗ್ ಪಾರ್ಟ್ರಿಜ್ ಎಂಬವರು ಬರೆದಿಟ್ಟರು. ಈ ಹೆಸರಿಗೆ ಬರುವ ಕಾಗದಗಳನ್ನು ಇಂತಹ ಸರ್ವರಿಗೆ ಒಪ್ಪಿಸಿರಿ ಎಂಬುದೇ ಅದರ ತಾತ್ಪರ್ಯ. ಪಕ್ಕದಲ್ಲಿ ಒಂದು ಸಂಖ್ಯೆಯಿರುವುದು; ಚಿಕ್ಕ ಸಂಖ್ಯೆಯವರಿಗೆ ಮೊದಲ ಮರ್ಯಾದೆ. ೧೦ ಮತ್ತು ೨೦ ಎಂದು ಎರಡು ಸಾಲುಗಳಿದ್ದರೆ ಅಂಚೆಯು ಮೊದಲು ೧೦ರ ಬಾಗಿಲನ್ನು ತಟ್ಟಿ, ಅಲ್ಲಿ ಉತ್ತರವಿಲ್ಲದಿದ್ದರೆ ೨೦ರ ಬಾಗಿಲಿಗೆ ಹೋಗುವುದು. ಎರಡಕ್ಕೂ ೧೦ ಎಂದೇ ಬರೆದಿದ್ದರೆ, ಒಮ್ಮೆ ಇಲ್ಲಿಗೂ ಒಮ್ಮೆ ಅಲ್ಲಿಗೂ ಹೋಗುವುದು.

ನಮ್ಮ ಮನೆಯಲ್ಲಿ ನಡೆದುದೇನೆಂಬುದು ಈಗ ಸ್ಪಷ್ಟವಾಗುವುದು. ನೇಮ್ ಸರ್ವರನ್ನು ಬದಲಾಯಿಸಿದೆವೆಂದರೆ ಶಾನುಭೋಗರನ್ನೇ ಬದಲಾಯಿಸಿದೆವು. ಹಳೆಯ ಖಾತೆಯಲ್ಲಿದ್ದ ಸಾಲುಗಳು ತಾವಾಗಿಯೇ ಹೊಸ ಖಾತೆಗೆ ನಡೆದು ಬರುವುದಿಲ್ಲ. ಹೊಸ ಖಾತೆಯಲ್ಲಿ ಸೈಟಿನ ‘ಎ’ ಸಾಲು ಮಾತ್ರವಿದ್ದು ಎಂಎಕ್ಸ್ ಸಾಲು ಇರಲಿಲ್ಲ. ಎಂಎಕ್ಸ್ ಇಲ್ಲದಿದ್ದರೆ ಅಂಚೆಯು ‘ಎ’ ಸಾಲಿನ ಯಂತ್ರಕ್ಕೇ ಕಾಗದವನ್ನು ಒಯ್ಯಬೇಕೆಂಬುದು ನಿಯಮ. ಹೀಗಾಗಿ ತಂದೆಯವರ ಕಾಗದವು ಸೈಟಿನ ಯಂತ್ರಕ್ಕೆ ಹೋಯಿತು. ಅದಕ್ಕೆ ನಮ್ಮ ತಂದೆಯವರ ಪರಿಚಯವಾದರೂ ಎಲ್ಲಿಯದು? ಇಲ್ಲವೆಂದಿತು. ಆ ಯಂತ್ರವು ಸುಮ್ಮನೆ ಮೌನವಾಗಿದ್ದಿದ್ದರೂ ಲೇಸಾಗುತ್ತಿತ್ತು. ಏಕೆಂದರೆ ಬಾಗಿಲು ತೆರೆಯದಿದ್ದರೆ ಅಂಚೆಯು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಬಂದು ತಟ್ಟುವುದು. “ಇಲ್ಲ” ಎಂದು ಖಂಡಿತವಾಗಿ ಹೇಳಿದರೆ ಮಾತ್ರ ಆ ಕ್ಷಣವೇ ಹಿಂದಿರುಗುವುದು.

ಎಂಎಕ್ಸ್ ಬರೆಯುವಾಗ ಮೂರು ತಪ್ಪುಗಳು ಸಾಮಾನ್ಯ. ಮೊದಲನೆಯದು, ಅಲ್ಲಿ ಅಂಕೆಯ ವಿಳಾಸವನ್ನು ಬರೆಯುವುದು. ಅಲ್ಲಿರತಕ್ಕದ್ದು ಸರ್ವರಿನ ಹೆಸರು. ಎರಡನೆಯದು, ಆ ಹೆಸರು ‘ಸಿನೇಮ್’ ಎಂಬ ಅಡ್ಡಹೆಸರಾಗಿರುವುದು. ಅದು ನೇರವಾಗಿ ‘ಎ’ ಸಾಲುಳ್ಳ ನಿಜನಾಮವೇ ಆಗಿರಬೇಕು. ಮೂರನೆಯದು ಬಹು ಸೂಕ್ಷ್ಮ: ಖಾತೆಯ ಕಡತವನ್ನು ಕೈಯಿಂದಲೇ ಬರೆಯುವವರು ಪೂರ್ಣವಾದ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆಯನ್ನಿಡಬೇಕು. ಮರೆತರೆ ಆ ಹೆಸರಿಗೆ ನಿಮ್ಮ ಡೊಮೈನು ಇನ್ನೊಂದು ಸಲ ಅಂಟಿಕೊಂಡು, ಲೋಕದಲ್ಲಿಯೇ ಇಲ್ಲದ ವಿಳಾಸವೊಂದು ಹುಟ್ಟುವುದು. ಒಂದು ಚುಕ್ಕೆಯಿಂದ ಎಷ್ಟು ಅನರ್ಥ!

ಇಲ್ಲಿಯವರೆಗೆ ಒಳಗೆ ಬರುವ ಕಾಗದದ ಮಾತಾಯಿತು. ಹೊರಗೆ ಹೋಗುವ ಕಾಗದದ ಕಷ್ಟವೇ ಬೇರೆ. ಅಲ್ಲಿ ಕೇಳುವ ಪ್ರಶ್ನೆ, ಈ ಕಾಗದವನ್ನು ನಿಜವಾಗಿಯೂ ನೀವೇ ಬರೆದಿರಾ ಎಂಬುದು. ಈಮೈಲಿನ ನಿಯಮಗಳನ್ನು ೧೯೮೨ರಲ್ಲಿ ಗೊತ್ತುಮಾಡಿದಾಗ ಜಾಲದಲ್ಲಿದ್ದವರು ಕೆಲವರೇ, ಪರಸ್ಪರ ಬಲ್ಲವರು. ಆದುದರಿಂದ ಕಳುಹಿಸುವವನು ಯಾರ ಹೆಸರನ್ನು ಬರೆದರೂ ಅಂಚೆಯು ನಂಬುತ್ತಿತ್ತು. ಈ ನಂಬಿಕೆಯನ್ನು ಕಳ್ಳರು ಕೆಡಿಸಿದ ಮೇಲೆ, ಹೆಸರಿನ ಒಡೆಯನು ತನ್ನ ಖಾತೆಯಲ್ಲಿಯೇ ಸಾಕ್ಷ್ಯವನ್ನು ಬರೆದಿಡಬೇಕೆಂಬ ಕಟ್ಟಳೆಗಳು ಒಂದೊಂದಾಗಿ ಬಂದುವು.

ಮೊದಲನೆಯದು ಎಸ್‌ಪಿಎಫ್. ನಮ್ಮ ಹೆಸರಿನಲ್ಲಿ ಕಾಗದ ಒಯ್ಯಲು ಇಂತಿಂತಹ ಯಂತ್ರಗಳಿಗೆ ಮಾತ್ರ ಅಧಿಕಾರವೆಂದು ಸಾರುವ ಒಂದು ಸಾಲು ಇದು. ಒಂದು ಹೆಸರಿಗೆ ಇಂತಹ ಸಾಲು ಒಂದೇ ಇರತಕ್ಕದ್ದು. ಎರಡು ಬರೆದರೆ ಎರಡೂ ಕೆಡುವುವು. ಹೊಸ ಯಂತ್ರವನ್ನು ಸೇರಿಸಬೇಕಾದರೆ ಇದ್ದ ಸಾಲನ್ನೇ ತಿದ್ದಬೇಕು. ಇದನ್ನು ಓದುವವರು ಇತರ ಖಾತೆಗಳನ್ನು ವಿಚಾರಿಸಬೇಕಾಗುವ ಪ್ರಸಂಗಗಳು ೧೦ನ್ನು ಮೀರಕೂಡದೆಂಬ ಮಿತಿಯೂ ಉಂಟು. ಆದುದರಿಂದ ಸಿಕ್ಕಸಿಕ್ಕವರನ್ನೆಲ್ಲ ಪಟ್ಟಿಗೆ ಸೇರಿಸಬಾರದು.

ಎರಡನೆಯದು ಡಿಕಿಮ್. ಹಿಂದಿನವರು ಲಕೋಟೆಗೆ ಅರಗು ಹಚ್ಚಿ ಮೊಹರೊತ್ತುತ್ತಿದ್ದರಷ್ಟೆ. ಇದು ಅಂತಹ ಮೊಹರು. ಅಂಚೆಯ ಸರ್ವರಿನಲ್ಲಿ ಗುಟ್ಟಾದ ಒಂದು ಕೀಲಿ, ಖಾತೆಯಲ್ಲಿ ಎಲ್ಲರೂ ಓದಬಹುದಾದ ಅದರ ಜೊತೆಯ ಇನ್ನೊಂದು ಕೀಲಿ. ಗುಟ್ಟಿನ ಕೀಲಿಯಿಂದ ಒತ್ತಿದ ಮೊಹರನ್ನು ಬಹಿರಂಗದ ಕೀಲಿಯಿಂದ ಪರೀಕ್ಷಿಸಿ, ಕಾಗದವು ನಿಮ್ಮದೇ ಹೌದು, ದಾರಿಯಲ್ಲಿ ಯಾರೂ ತಿದ್ದಿಲ್ಲವೆಂದು ತಿಳಿಯಬಹುದು. ೨೦೪೮ ಬಿಟ್ಟಿನ ಕೀಲಿಯನ್ನು ಬಳಸುವುದು ಒಳ್ಳೆಯದು. ಆದರೆ ಖಾತೆಯ ಒಂದೊಂದು ತುಂಡಿನಲ್ಲಿ ೨೫೫ ಅಕ್ಷರಗಳಿಗಿಂತ ಹೆಚ್ಚು ಹಿಡಿಯದಾದುದರಿಂದ ಅದನ್ನು ಎರಡು ತುಂಡಾಗಿ ಬರೆಯಬೇಕಾದೀತು. ನಕಲು ಮಾಡುವಾಗ ಒಂದಕ್ಷರ ಉದುರಿದರೂ ಮೊಹರು ಸುಳ್ಳಾಗುವುದು.

ಮೂರನೆಯದು ಡಿಮಾರ್ಕ್. ಓದುವವನ ಕಣ್ಣಿಗೆ ಕಾಣುವ ಕಳುಹಿಸಿದವರ ಹೆಸರಿಗೂ, ಎಸ್‌ಪಿಎಫ್ ಅಥವಾ ಡಿಕಿಮ್ ಸಾಕ್ಷಿ ಹೇಳುವ ಹೆಸರಿಗೂ ಹೊಂದಿಕೆಯಿರಬೇಕು. ಇಲ್ಲದಿದ್ದರೆ ಇಂತಹದನ್ನು ಮಾಡಿರಿ ಎಂದು ಪರರ ಬಾಗಿಲು ಕಾಯುವವರಿಗೆ ನಾವು ಕೊಡುವ ಸೂಚನೆಯಿದು. ಸುಮ್ಮನೆ ಗಮನಿಸಿರಿ, ಪ್ರತ್ಯೇಕವಾಗಿಡಿರಿ, ತಿರಸ್ಕರಿಸಿರಿ ಎಂದು ಮೂರು ಮೆಟ್ಟಲುಗಳುಂಟು. ಮೊದಲ ಮೆಟ್ಟಲಲ್ಲಿ ಕೆಲವು ವಾರ ನಿಂತು, ಬರುವ ವರದಿಗಳನ್ನು ಓದಿ, ನಮ್ಮ ಕಾಗದಗಳೆಲ್ಲ ತೇರ್ಗಡೆಯಾಗುವುವೆಂದು ಕಂಡ ಮೇಲೆಯೇ ಮೇಲೇರಬೇಕು. ಅವಸರಪಟ್ಟು ಮೂರನೆಯದಕ್ಕೆ ಹಾರಿದವರು ತಮ್ಮ ಕಾಗದಗಳನ್ನೇ ತಿರಸ್ಕರಿಸಿರೆಂದು ಲೋಕಕ್ಕೆ ಡಂಗುರ ಸಾರಿದಂತಾಗುವುದು.

ನಾಲ್ಕನೆಯದು ಪಿಟಿಆರ್ ಎಂಬ ಹಿಮ್ಮುಖದ ಸಾಲು. ಹೆಸರಿನಿಂದ ಅಂಕೆಯನ್ನು ಕೇಳಿದಂತೆ ಅಂಕೆಯಿಂದಲೂ ಹೆಸರನ್ನು ಕೇಳುವುದುಂಟು. ಎರಡು ಉತ್ತರಗಳೂ ಕೂಡಿಬರಬೇಕು. ಇದನ್ನು ನಮ್ಮ ಖಾತೆಯಲ್ಲಿ ನಾವು ಬರೆದುಕೊಳ್ಳಲಾರೆವು. ಆ ಅಂಕೆ ಯಾರದೋ, ಎಂದರೆ ಯಂತ್ರವನ್ನು ಬಾಡಿಗೆಗೆ ಕೊಟ್ಟವರು, ಅವರೇ ಬರೆಯಬೇಕು; ಅವರನ್ನು ಕೇಳಿಕೊಳ್ಳತಕ್ಕದ್ದು. ಮನೆಯ ಸಾಮಾನ್ಯ ಇಂಟರ್ನೆಟ್ ಸಂಪರ್ಕದಲ್ಲಿ ಅಂಚೆಯ ಸರ್ವರನ್ನು ನಡೆಸುವುದು ಕಷ್ಟವೆಂಬುದಕ್ಕೆ ಇದೂ ಒಂದು ಕಾರಣ. ಮೇಲಾಗಿ ಅಂತಹ ಸಂಪರ್ಕಗಳಲ್ಲಿ ಅಂಚೆ ಸಾಗುವ ೨೫ನೆಯ ದ್ವಾರವನ್ನು ಅನೇಕ ಕಡೆ ಮುಚ್ಚಿಯೇ ಇಟ್ಟಿರುವರು.

ಇವೆಲ್ಲ ದೊಡ್ಡವರಿಗಾಯಿತು, ನಮ್ಮಂತಹ ಚಿಕ್ಕವರಿಗೇಕೆ ಎನ್ನುವ ಹಾಗಿಲ್ಲ. ೨೦೨೪ನೆಯ ಫೆಬ್ರವರಿಯಿಂದ ಜೀಮೈಲಿನವರು, ತಮ್ಮಲ್ಲಿಗೆ ಕಾಗದ ಕಳುಹಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಬೇಕು, ಮುಮ್ಮುಖ ಹಿಮ್ಮುಖದ ಸಾಲುಗಳು ಸರಿಯಿರಬೇಕೆಂದು ವಿಧಿಸಿದರು. ದಿನಕ್ಕೆ ೫೦೦೦ವನ್ನು ಮುಟ್ಟುವಷ್ಟು ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕೆಂದರು.

ಈ ಖಾತೆಯು ಬಹಿರಂಗವಾದುದು. ಯಾರು ಬೇಕಾದರೂ ಓದಬಹುದು. ‘ಡಿಗ್’ ಅಥವಾ ‘ಎನ್‌ಎಸ್‌ಲುಕಪ್’ ಎಂಬ ಸಲಕರಣೆಯಿಂದ ಮನೆಯಲ್ಲಿಯೇ ಕುಳಿತು ಪರೀಕ್ಷಿಸಬಹುದು. ಹಪ್ಪಳದ ಸೋದರಿಯವರ ಒಪ್ಪಿಗೆ ಪಡೆದು ಅವರ ಖಾತೆಯನ್ನು ನಾವು ಓದಿದೆವು. ಎಂಎಕ್ಸ್ ಸಾಲುಗಳು ಎರಡು, ಎರಡಕ್ಕೂ ೧೦ ಎಂಬ ಸಂಖ್ಯೆ. ಒಂದು ಈಗಿನ ಅಂಚೆಯವರದು, ಇನ್ನೊಂದು ಅವರು ಹೋದ ವರ್ಷವೇ ಬಿಟ್ಟವರದು. ಹಳಬರ ಪೆಟ್ಟಿಗೆಯು ಇನ್ನೂ ತೆರೆದೇ ಇದ್ದುದರಿಂದ ಕಾಗದಗಳಲ್ಲಿ ಕೆಲವು ಸದ್ದಿಲ್ಲದೆ ಅಲ್ಲಿಗೆ ಹೋಗಿ ಬೀಳುತ್ತಿದ್ದುವು. ಎಸ್‌ಪಿಎಫ್ ಸಾಲುಗಳೂ ಎರಡು. ಡಿಕಿಮ್ ಇರಲೇ ಇಲ್ಲ. ಹಳೆಯ ಪೆಟ್ಟಿಗೆಯನ್ನು ತೆರೆಯಿರೆಂದು ತಿಳಿಸಿದೆವು. ತೆರೆದು ನೋಡಿದರೆ ಒಳಗೆ ಹಲವಾರು ಬೇಡಿಕೆಗಳು! ಒಂದು ಮದುವೆಗೆ ಬೇಕಾದ ಹಪ್ಪಳದ್ದು. ಮುಹೂರ್ತವು ಕಳೆದು ಹದಿನೈದು ದಿನಗಳಾಗಿದ್ದುವು. “ಹಣ ಹೋದುದಕ್ಕಿಂತ, ಅವರು ನಮ್ಮನ್ನು ಉತ್ತರ ಕೊಡದ ಜನವೆಂದುಕೊಂಡರಲ್ಲ ಎಂಬುದೇ ವ್ಯಥೆ” ಎಂದು ಆ ಸೋದರಿಯವರು ಬರೆದಿದ್ದಾರೆ. ಆ ವ್ಯಥೆಯನ್ನು ನಾವು ಬಲ್ಲೆವು.

ಆದುದರಿಂದ ಅಂಚೆಯನ್ನಾಗಲಿ ಸೈಟನ್ನಾಗಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವವರು ಈ ಕ್ರಮವನ್ನು ಅನುಸರಿಸಬೇಕೆಂದು ನಮ್ಮ ಬಿನ್ನಹ. ಹಳೆಯ ಖಾತೆಯ ಪ್ರತಿಯೊಂದು ಸಾಲನ್ನೂ ಮೊದಲು ಕಾಗದದ ಮೇಲೆ ಇಳಿಸಿಕೊಳ್ಳಿರಿ. ಪ್ರತಿ ಸಾಲಿಗೂ ‘ಟಿಟಿಎಲ್’ ಎಂಬ ಒಂದು ಅವಧಿ, ಸೆಕೆಂಡುಗಳಲ್ಲಿ, ಇರುವುದು. ಒಮ್ಮೆ ಓದಿದವರು ಅಷ್ಟು ಹೊತ್ತು ಹಳೆಯ ಉತ್ತರವನ್ನೇ ನೆನಪಿನಲ್ಲಿಟ್ಟುಕೊಳ್ಳಬಹುದು. ೮೬೪೦೦ ಎಂದಿದ್ದರೆ ಒಂದು ಪೂರ್ಣ ದಿನ. ಬದಲಾವಣೆಗೆ ಒಂದೆರಡು ದಿನ ಮುಂಚೆಯೇ ಅದನ್ನು ೩೦೦ಕ್ಕೆ ಇಳಿಸಿರಿ. ಹೊಸ ಖಾತೆಯಲ್ಲಿ ಎಲ್ಲ ಸಾಲುಗಳನ್ನೂ ಬರೆದು ತಾಳೆ ನೋಡಿದ ಮೇಲೆಯೇ ನೇಮ್ ಸರ್ವರನ್ನು ಬದಲಾಯಿಸಿರಿ. ಆ ಬದಲಾವಣೆಯು ಎಲ್ಲೆಡೆಗೂ ಮುಟ್ಟಲು ಎರಡು ದಿನ ಹಿಡಿದರೂ ಹಿಡಿಯಬಹುದು. ಅಲ್ಲಿಯ ತನಕ ಹಳೆಯ ಖಾತೆಯನ್ನೂ ಹಳೆಯ ಪೆಟ್ಟಿಗೆಯನ್ನೂ ಮುಚ್ಚಬೇಡಿರಿ. ಎಲ್ಲ ಮುಗಿದ ಮೇಲೆ ಹಳಬರ ಸಾಲುಗಳನ್ನು ಅಳಿಸಲು ಮರೆಯಬೇಡಿರಿ. ಕಡೆಯದಾಗಿ, ಹೊರಗಿನ ಒಂದು ವಿಳಾಸದಿಂದ ನಿಮಗೆ ನೀವೇ ಕಾಗದ ಬರೆದುಕೊಳ್ಳಿರಿ. ಅದಕ್ಕೆ ಉತ್ತರವನ್ನೂ ಬರೆಯಿರಿ.

ಕನ್ನಡ ಲಿಪಿಯಲ್ಲಿಯೇ ಹೆಸರನ್ನು ಪಡೆಯಬಹುದೇ ಎಂದು ಕೇಳುವವರುಂಟು. ಪಡೆಯಬಹುದು, ‘ಡಾಟ್ ಭಾರತ’ ಎಂಬುದು ಕನ್ನಡ ಅಕ್ಷರಗಳಲ್ಲಿಯೂ ಇದೆ. ಖಾತೆಯ ಒಳಗಡೆ ಮಾತ್ರ ಅದು ರೋಮನ್ ಅಕ್ಷರಗಳ ವೇಷದಲ್ಲಿರುವುದು. ಇಡೀ ಮೇಲ್ವಿಳಾಸವನ್ನೇ ಕನ್ನಡದಲ್ಲಿ ಬರೆಯುವ ನಿಯಮಗಳೂ ೨೦೧೨ರಲ್ಲಿ ಸಿದ್ಧವಾದುವು. ಆದರೆ ಕಳುಹಿಸುವವರ, ಪಡೆಯುವವರ ಸರ್ವರುಗಳೆರಡೂ ಆ ನಿಯಮವನ್ನು ಒಪ್ಪಿದ್ದಲ್ಲದೆ ಕಾಗದ ಸಾಗದು. ಆದುದರಿಂದ ಅಂತಹ ವಿಳಾಸದ ಜೊತೆಗೆ ರೋಮನ್ ಲಿಪಿಯದೊಂದನ್ನೂ ಇಟ್ಟುಕೊಂಡಿರುವುದು ಈಗ ಕ್ಷೇಮಕರ.

ಇನ್ನೊಂದೇ ಮಾತು; ಆದರೆ ಎಲ್ಲಕ್ಕಿಂತ ದೊಡ್ಡದು. ಹೆಸರನ್ನು ಕೊಂಡೆವೆಂದು ನಾವೆನ್ನುವೆವಾದರೂ ಅದು ಕ್ರಯವಲ್ಲ, ಗುತ್ತಿಗೆ. ಅವಧಿ ಮುಗಿಯುವುದರೊಳಗೆ ಹಣ ಕಟ್ಟದಿದ್ದರೆ, ಕೆಲವು ದಿನಗಳ ಸೈರಣೆಯ ಬಳಿಕ ಹೆಸರು ಸಂತೆಗೆ ಬೀಳುವುದು. ಆಗ ಯಾರಾದರೂ ಅದನ್ನು ಕೊಂಡು ತಮ್ಮ ಎಂಎಕ್ಸ್ ಸಾಲನ್ನು ಬರೆದರೆಂದರೆ, ಅಂದಿನಿಂದ ನಿಮಗೆ ಬರುವ ಕಾಗದಗಳೆಲ್ಲ ಅವರ ಮನೆಗೆ. ಬ್ಯಾಂಕಿನದೂ ಅಲ್ಲಿಗೇ, ಪಾಸ್ವರ್ಡನ್ನು ಬದಲಾಯಿಸುವ ಕಾಗದವೂ ಅಲ್ಲಿಗೇ. ಆದುದರಿಂದ ಹೆಸರು ಸೈಟು ಮಾಡಿಕೊಟ್ಟ ಹುಡುಗನ ಖಾತೆಯಲ್ಲಿರದೆ ಮನೆಯವರ ಖಾತೆಯಲ್ಲಿರಬೇಕು. ರಿಜಿಸ್ಟ್ರಾರರು ಎಚ್ಚರಿಕೆ ಬರೆಯುವ ವಿಳಾಸವು ಅದೇ ಡೊಮೈನಿನದಾಗಿರಬಾರದು. ಇದ್ದರೆ, ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತಾಗುವುದು. ಮನೆಯಲ್ಲಿ ಇಬ್ಬರಿಗಾದರೂ ಈ ಸಂಗತಿಗಳು ತಿಳಿದಿರಬೇಕು. ಮನುಷ್ಯನ ಆಯುಷ್ಯವನ್ನು ಬಲ್ಲವರಾರು?

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಬೆಳೆದಿದೆ. ಯುಗಾದಿಯ ದಿನ ಬೇವು ಬೆಲ್ಲ ತಿಂದು ಪಂಚಾಂಗವನ್ನು ಓದಿಸಿದ ಮೇಲೆ, ಈ ಖಾತೆಯ ಸಾಲುಗಳನ್ನೂ ಒಮ್ಮೆ ಓದಿಸುವೆವು. ಕಾಲು ಗಂಟೆಯ ಕೆಲಸ. ಧಾರವಾಡದ ಹಿರಿಯರು ಆ ವರ್ಷ ಸಹಸ್ರಚಂದ್ರದರ್ಶನಕ್ಕೆ ಬಂದರು. ತಂದೆಯವರನ್ನು ಕಂಡೊಡನೆ ಮಾತನಾಡದೆ ಭುಜವನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದರು. ಅದನ್ನು ಕಂಡ ಮೇಲೆ ಆ ಕಾಲು ಗಂಟೆಯನ್ನು ದಂಡವೆಂದು ನಾವು ಎಂದೂ ಎಣಿಸಿಲ್ಲ.

ಈ ವಿಷಯದಲ್ಲಿ ಸಂದೇಹವುಳ್ಳವರು ನಮಗೆ ಬರೆಯಬಹುದು. ಬರೆದ ಕಾಗದವು ಮುಟ್ಟುವುದೆಂಬ ಭರವಸೆಯನ್ನು ಈಗ ನಾವು ಧೈರ್ಯವಾಗಿ ಕೊಡಬಲ್ಲೆವು.